ಎಡ ತಿರುವಿನಲ್ಲಿ ನಿಲ್ಲುತ್ತಿದ್ದ ಗಾಡಿ

ನಾನು ಅಂಗಡಿ ಮುಚ್ಚಿದ್ದು ವಯಸ್ಸಾಯಿತು ಅಂತ ಅಲ್ಲ, ಬಣ್ಣ ಗೊತ್ತಾಗದೆ. ಮೋಟಾರ್ ಸೈಕಲ್ಲಿನ ತಂತಿಗಳಲ್ಲಿ ಹಸಿರಿನ ಮೇಲೆ ಕರಿ ಗೆರೆ ಇರುವುದು ಬೇರೆ, ನೀಲಿಯ ಮೇಲೆ ಕರಿ ಗೆರೆ ಇರುವುದು ಬೇರೆ. ಒಂದು ಸಂಜೆ ಎರಡನ್ನೂ ಬೆರಳಲ್ಲಿ ಹಿಡಿದುಕೊಂಡು, ಪಕ್ಕದ ಟೀ ಅಂಗಡಿಯವನನ್ನು ಕರೆದು ಯಾವುದು ಯಾವುದೆಂದು ಕೇಳಬೇಕಾಯಿತು. ಅವನು ಸರಿಯಾಗಿಯೇ ಹೇಳಿದ. ಆದರೆ ಅವನ ಕಣ್ಣು ನಂಬಿ ನಾನು ತಂತಿ ಸೇರಿಸುವುದಾದರೆ ಬೋರ್ಡಿನ ಮೇಲೂ ಅವನ ಹೆಸರನ್ನೇ ಬರೆಸಬೇಕಿತ್ತು. ಆ ವಾರವೇ ಮಧುಗಿರಿ ಬಸ್ ನಿಲ್ದಾಣದ ಹಿಂದಿದ್ದ ಅಂಗಡಿಯ ಬಾಗಿಲು ಎಳೆದೆ.

ಈಗ ಈ ಕೆಲಸಕ್ಕೆ ಹೊಸದಾಗಿ ಇಳಿದವರು ಮನೆಗೆ ಬರುತ್ತಾರೆ. ಕೈಯಲ್ಲಿ ಮೊಬೈಲು, ಅದಕ್ಕೊಂದು ಪುಟ್ಟ ಪೆಟ್ಟಿಗೆ. ಗಾಡಿಗೆ ಸಿಕ್ಕಿಸಿದರೆ ಕಾಯಿಲೆ ಏನೆಂದು ಅದೇ ಬರೆದು ತೋರಿಸುತ್ತದೆ. ಒಳ್ಳೆಯದೇ. ನಾನೇನು ಹಳೆಯದೇ ಚೆಂದ ಅನ್ನುವ ಆಸಾಮಿಯಲ್ಲ. ಹಳೆಯ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪಾಯಿಂಟು ಉಜ್ಜಿ ಉಜ್ಜಿ ಉಗುರು ಕಪ್ಪಾದವನಿಗೆ ಹೊಸ ಉಪಕರಣದ ಬೆಲೆ ಚೆನ್ನಾಗಿ ಗೊತ್ತು. ಆದರೂ ಬಂದವರಿಗೆಲ್ಲ ಒಂದು ಗಾಡಿಯ ಕಥೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದೆರಡು ಸಣ್ಣ ಪ್ರಸಂಗ ಹೇಳಬೇಕು, ಇಲ್ಲದಿದ್ದರೆ ಆ ಗಾಡಿಯ ಮುಂದೆ ನಾನು ಯಾಕೆ ಅಷ್ಟು ಒದ್ದಾಡಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ.

ನಾನು ಕೆಲಸ ಕಲಿತದ್ದು ಶಿರಾದಲ್ಲಿ, ಅಮೀರ್ ಸಾಬರ ಕೈಕೆಳಗೆ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ಮಹಾ ಸಿಡುಕಿನ ಮನುಷ್ಯ. ಗಾಡಿ ರಿಪೇರಿಯಾಯಿತು ಎಂದು ಹೋಗಿ ಹೇಳಿದರೆ ಎದ್ದು ಬಂದು, ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಿದ್ದರು, ಸೀಟಿನ ಮೇಲೆ ಗುದ್ದುತ್ತಿದ್ದರು, ತಂತಿಯ ಕಂತೆಯನ್ನು ಹಿಡಿದು ಅಲ್ಲಾಡಿಸುತ್ತಿದ್ದರು. ಇದಾದ ಮೇಲೂ ಎಂಜಿನ್ ನಿಲ್ಲದಿದ್ದರೆ ಮಾತ್ರ ಗಾಡಿ ಹೊರಗೆ ಹೋಗಬೇಕು. ನಿಂತರೆ ನನಗೆ ಮಂಗಳಾರತಿ. "ನಿಂತ ಗಾಡಿ ಶರೀಫ್ ಆದ್ಮಿ ಇದ್ದಂಗೆ ನಾಗ. ಅದರ ಖರಾಬಿ ಗೊತ್ತಾಗೋದು ಓಡುವಾಗ್ಲೇ" ಎಂದು ಬೈಯುತ್ತಲೇ ಕಲಿಸಿದರು. ನಿಂತಿರುವಾಗ ಎಲ್ಲ ಗಾಡಿಯೂ ಸಭ್ಯಸ್ಥನೇ ಎಂದರ್ಥ. ಈ ಮಾತು ಗೊತ್ತಿದ್ದೂ ಮುಂದೆ ನನ್ನ ಕೈ ಹೇಗೆ ತಪ್ಪಿತು ಎಂಬುದೇ ಇಲ್ಲಿಯ ಕಥೆ.

ಹೊಸ ಗಾಡಿಗಳಲ್ಲಿ ಮೀಟರಿನ ಮೇಲೆ ಎಂಜಿನ್ ಚಿತ್ರದ ಒಂದು ಹಳದಿ ದೀಪ ಇರುತ್ತದೆ. ಕೀ ತಿರುಗಿಸಿದಾಗ ಅದು ಹತ್ತಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದೆ ಉರಿಯುತ್ತಿದ್ದರೆ ಏನೋ ಕೆಟ್ಟಿದೆ. ಹತ್ತಲೇ ಇಲ್ಲವೆಂದರೆ ಅದಕ್ಕಿಂತ ಹೆಚ್ಚು ಭಯಪಡಿ, ಏಕೆಂದರೆ ಕರೆಂಟೇ ಅಲ್ಲಿಗೆ ತಲುಪುತ್ತಿಲ್ಲ. ಕೆಲವು ಗಾಡಿಗಳಲ್ಲಿ ಅದು ಮಿನುಗಿ ಮಿನುಗಿ ಲೆಕ್ಕ ಹೇಳುತ್ತದೆ. ಉದ್ದ ಮಿನುಗು ಎಷ್ಟು, ಗಿಡ್ಡ ಮಿನುಗು ಎಷ್ಟು ಎಂದು ಎಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಆ ಸಂಖ್ಯೆಗೆ ಕಂಪನಿಯವರು ಒಂದೊಂದು ಕಾಯಿಲೆಯ ಹೆಸರಿಟ್ಟಿರುತ್ತಾರೆ. ಈ ದೀಪ ಬಂದ ಹೊಸತರಲ್ಲಿ ಅದನ್ನು ಎಣಿಸಲು ಕಲಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಗಾಡಿ ಇಟ್ಟುಕೊಂಡವರಿಗೆ ಇನ್ನೂ ಬೇಸರ.

ಪಾವಗಡದ ಓಬಳೇಶಪ್ಪನ ಗಾಡಿ ಸುಡುಬಿಸಿಲಲ್ಲಿ ನಿಂತುಹೋಗಿದೆ ಎಂದು ಫೋನು ಬಂದಾಗ ಅವನ ಮನೆಗೇ ಹೋದೆ. ಕೀ ತಿರುಗಿಸಿದರೆ ಮೀಟರಿನಲ್ಲಿ ಹಳದಿ ದೀಪ ಕಾಣುತ್ತಿಲ್ಲ. ಕರೆಂಟ್ ಇಲ್ಲವೆಂದು ತಿಳಿದು ಫ್ಯೂಸು ನೋಡಿದೆ, ಸರಿ ಇದೆ. ಬ್ಯಾಟರಿ ಸರಿ ಇದೆ. ಮಧ್ಯಾಹ್ನವೆಲ್ಲ ಬೆವರು ಸುರಿಸಿ ತಂತಿ ಹುಡುಕಿದೆ. ಕೊನೆಗೆ ಮೀಟರಿನ ಗಾಜು ಒರೆಸಿದಾಗ ಬೆರಳಿಗೆ ಏನೋ ತಗುಲಿತು. ದೀಪದ ಮೇಲೆ ಹೆಂಗಸರ ಕಪ್ಪು ಸ್ಟಿಕರ್ ಬೊಟ್ಟು. ಇದೇನಪ್ಪ ಎಂದರೆ, "ಏಂ ಸ್ವಾಮಿ, ದಿನಾ ಆ ಲೈಟು ಕಣ್ಣಿಗೆ ಕುಚ್ಚುತಾ ಇತ್ತು. ನಮ್ಮಾವಿಡ ಬೊಟ್ಟು ಪೆಟ್ಟಿಬಿಟ್ಟೆ" ಅಂದ, ತೆಲುಗು ಬೆರೆಸಿ. ಬೊಟ್ಟಿನ ಒಡತಿ, ಅವನ ಹೆಂಡತಿ, ಬಾಗಿಲಲ್ಲಿ ನಿಂತು ನಗುತ್ತಿದ್ದಳು. ದೀಪ ತಿಂಗಳಿಂದ ಕೂಗುತ್ತಲೇ ಇತ್ತು, ಇವನು ಅದರ ಬಾಯಿ ಮುಚ್ಚಿದ್ದ. ನನಗೆ ನಗು ಬರಲಿಲ್ಲ, ಮಧ್ಯಾಹ್ನ ಹಾಳಾಗಿತ್ತು. ಅಂದಿನಿಂದ ದೀಪ ನೋಡುವ ಮೊದಲು ಗಾಜನ್ನು ಒರೆಸುತ್ತೇನೆ.

ಕೊರಟಗೆರೆಯ ಇನ್ನೊಂದು ಗಾಡಿ ನನ್ನ ಅಂಗಡಿಗೆ ಮೂರು ಸಲ ಬಂತು. ಪ್ರತಿ ಸಲವೂ ಹೆಡ್‌ಲೈಟಿನ ಹಿಂದಿನ ತಂತಿ ಕಡಿದಿರುತ್ತಿತ್ತು, ನಾನು ಸೇರಿಸಿ ಕಳಿಸುತ್ತಿದ್ದೆ. ಮತ್ತೆ ಬರುತ್ತಿತ್ತು. ನನ್ನ ಕೆಲಸವೇ ಸರಿಯಿಲ್ಲ ಎಂದು ಗಾಡಿಯವನು ಸಂತೆಯಲ್ಲೆಲ್ಲ ಸಾರಿದ. ರೇಗಿ ಅವನ ಮನೆಗೇ ಹೋದೆ. ಗಾಡಿ ನಿಲ್ಲಿಸುತ್ತಿದ್ದ ಮೂಲೆಯಲ್ಲಿ ಕಡ್ಲೆಕಾಯಿ ಮೂಟೆಗಳು. ಕಡ್ಲೆಕಾಯಿ ತಿಂದ ಇಲಿಗಳು ಹೆಡ್‌ಲೈಟಿನೊಳಗೆ ಸಂಸಾರ ಹೂಡಿದ್ದವು. ಗಾಡಿ ಮನೆಯಲ್ಲಿ ಕೆಡುವುದಾದರೆ ಮನೆಯಲ್ಲೇ ನೋಡಬೇಕು ಎಂದು ಆವತ್ತು ತೀರ್ಮಾನಿಸಿದೆ. ಅಂಗಡಿಯ ಕೊನೆಯ ವರ್ಷಗಳಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಳ್ಳಿಹಳ್ಳಿಗೆ ಹೋದದ್ದು ಅದಕ್ಕೇ.

ಕೊಡಿಗೇನಹಳ್ಳಿಯ ಆಚೆ, ಕೆರೆಯ ಕೆಳಗಿನ ಒಂದು ಊರಿನಿಂದ ಗಂಗಾಧರ ಎಂಬವನು ಫೋನು ಮಾಡಿದ್ದೂ ಆಗಲೇ. ಎಣ್ಣೆ ಗಾಣದಲ್ಲಿ ಕೆಲಸ ಅವನಿಗೆ. ಅವನ ತಂದೆ ಹನುಮಂತರಾಯಪ್ಪನಿಗೆ ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ಬೆಳಗಿನ ಹೊತ್ತು ಮಧುಗಿರಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಮೊದಲ ಸರದಿ ಅವರದು, ಊರಿಗೆ ಬರುವ ಮೊದಲ ಬಸ್ಸು ಹಿಡಿದರೆ ಸರದಿ ತಪ್ಪುತ್ತದೆ. ಹಾಗಾಗಿ ಗಾಡಿಯೇ ಗತಿ. ಆ ಗಾಡಿ ದಾರಿಯಲ್ಲಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ, ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ ಎಂದ. ಕೊಡಿಗೇನಹಳ್ಳಿಯ ಮೆಕ್ಯಾನಿಕ್ಕಿಗೆ ಏನೂ ಸಿಗಲಿಲ್ಲ, ಶೋರೂಮಿನಲ್ಲಿ ಕಂಪ್ಯೂಟರ್ ಹಾಕಿ ನೋಡಿದರೂ ಯಾವ ತಪ್ಪೂ ಕಾಣಲಿಲ್ಲವಂತೆ. ಇರಲಿ ಎಂದು ಬ್ಯಾಟರಿ ಬದಲಾಯಿಸಿದ್ದರು. ಅವರನ್ನು ನಾನು ದೂರುವುದಿಲ್ಲ, ಎಷ್ಟೋ ಗಾಡಿಗಳಿಗೆ ಅದೇ ಮದ್ದು.

ನಾನು ಹೋದಾಗ ಹನುಮಂತರಾಯಪ್ಪ ಜಗಲಿಯ ಮೇಲೆ ಮಂಚದಲ್ಲಿ ಕೂತಿದ್ದರು. ಎತ್ತರದ ಆಳು, ಮುಖ ಊದಿಕೊಂಡಿತ್ತು. ಎಡಗೈಯನ್ನು ಟವೆಲಿನ ಮೇಲೆ ಮೆತ್ತಗೆ ಇಟ್ಟುಕೊಂಡಿದ್ದರು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆ ಕೈಯ ರಕ್ತನಾಳಗಳನ್ನು ಜೋಡಿಸಿ ಆಪರೇಷನ್ ಮಾಡಿದ್ದರಂತೆ. ಆ ಕೈ ಕೆಟ್ಟರೆ ಸೂಜಿ ಚುಚ್ಚಲು ಜಾಗವಿಲ್ಲ. ಆ ಕೈಗೆ ಗಡಿಯಾರ ಕಟ್ಟುವಂತಿಲ್ಲ, ಬಿಗಿಯಾದ ತೋಳಿನ ಅಂಗಿ ಹಾಕುವಂತಿಲ್ಲ. ಅವರ ಹೆಂಡತಿ ನರಸಮ್ಮ ಕಟ್ಟಿದ್ದ ಕರಿ ದಾರವನ್ನೂ ಆಸ್ಪತ್ರೆಯ ನರ್ಸ್ ಕತ್ತರಿಸಿ ಹಾಕಿದ್ದರು. ನರಸಮ್ಮ ಇದನ್ನು ಹೇಳುವಾಗ ಆ ದಾರ ಇನ್ನೂ ಕಣ್ಣ ಮುಂದೆ ಇದ್ದಂತೆ ಕೈ ತೋರಿಸಿ ಹೇಳಿದರು.

"ಅವರ ಕೈಗೆ ಕಟ್ಬೇಡ ಅಂದ್ರು. ಅದ್ಕೇ ಗಾಡಿಗೆ ಕಟ್ಟಿವ್ನಿ ನಾಗಣ್ಣ. ಗಾಡಿ ತಾನೆ ಅವರ್ನ ಕರ್ಕಂಡು ಹೋಗಿ ಕರ್ಕಂಡು ಬರೋದು."

ಹ್ಯಾಂಡಲಿನ ನಡುವೆ, ಹೆಡ್‌ಲೈಟಿನ ಹಿಂದೆ, ಅರಿಸಿನ ಬಟ್ಟೆಯ ಒಂದು ಗಂಟು ಇತ್ತು. ಕರಿ ದಾರ ಹಲವು ಸುತ್ತು ಬಿಗಿದಿತ್ತು, ಮೇಲೆ ಕುಂಕುಮ. ಯಾರೋ ಪೂಜೆ ಮಾಡಿಸಿ ಕೊಟ್ಟದ್ದು. ನಮ್ಮ ಕಡೆ ಇದೇನು ವಿಶೇಷವಲ್ಲ. ಗೊಂಬೆ, ನಿಂಬೆಹಣ್ಣು, ಗೆಜ್ಜೆ, ಹರಕೆಯ ಬಟ್ಟೆ, ಏನಾದರೊಂದು ಕಟ್ಟದ ಗಾಡಿಯನ್ನು ನಾನು ಕಂಡಿದ್ದೇ ಕಡಿಮೆ. ನಮ್ಮ ಮೆಕ್ಯಾನಿಕ್ಕುಗಳಿಗೂ ಒಂದು ರೂಢಿ. ಅದನ್ನು ಮುಟ್ಟಬೇಕಾದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಅದರ ಆಚೆ ಈಚೆ ಕೆಲಸ ಮಾಡುವುದು, ಬಿಚ್ಚುವುದಿಲ್ಲ. ಬಿಚ್ಚಿದ ಮೇಲೆ ದಾರಿಯಲ್ಲಿ ಏನಾದರೂ ಆದರೆ ಆ ಮಾತು ಜೀವಮಾನವಿಡೀ ನಮ್ಮ ತಲೆಯ ಮೇಲಿರುತ್ತದೆ. ನಾನೂ ಚಪ್ಪಲಿ ಕಳಚಿ, ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಕೂತೆ. ನರಸಮ್ಮನಿಗೆ ಸಮಾಧಾನವಾದದ್ದು ಅವರ ಮುಖದಲ್ಲೇ ಕಾಣಿಸಿತು.

ಕೀ ತಿರುಗಿಸಿದೆ. ಹಳದಿ ದೀಪ ಹತ್ತಿತು, ಎಂಜಿನ್ ಶುರುವಾದಾಗ ಆರಿತು. ಯಾವ ಮಿನುಗೂ ಇಲ್ಲ. ಬ್ಯಾಟರಿಯ ಟರ್ಮಿನಲ್ ಸ್ವಲ್ಪ ಸಡಿಲವಿತ್ತು, ಅದನ್ನು ಬಿಗಿ ಮಾಡಿದೆ. ಚಾಸಿಸ್‌ಗೆ ಕಟ್ಟಿದ ಅರ್ತ್ ತಂತಿಯ ಬೋಲ್ಟು ತುಕ್ಕು ಹಿಡಿದಿತ್ತು, ಉಜ್ಜಿ ಸರಿ ಮಾಡಿದೆ. ಸಡಿಲ ಟರ್ಮಿನಲ್ ಕಂಡ ಕೂಡಲೇ ಕಳ್ಳ ಸಿಕ್ಕಿದ ಎಂದುಕೊಂಡೆ. ಗಾಡಿ ಗೋಡೆಗೆ ಆನಿಕೊಂಡು ಇಕ್ಕಟ್ಟಿನಲ್ಲಿ ನಿಂತಿತ್ತು, ಹ್ಯಾಂಡಲನ್ನು ಪೂರ್ತಿ ತಿರುಗಿಸಲು ಜಾಗವಿರಲಿಲ್ಲ. ಹೊರಗೆ ಎಳೆದು ನೋಡುವ ತಾಳ್ಮೆ ನನಗೂ ಇರಲಿಲ್ಲ. ಇನ್ನು ನಿಲ್ಲುವುದಿಲ್ಲ, ಧೈರ್ಯವಾಗಿ ಹೋಗಿ ಎಂದು ಹೇಳಿ ಬಂದೆ. ಉಸ್ತಾದ್ ಬದುಕಿದ್ದಿದ್ದರೆ ಸ್ಪ್ಯಾನರ್ ಎಸೆಯುತ್ತಿದ್ದರು.

ಒಂದು ವಾರ ಸುದ್ದಿಯಿಲ್ಲ. ಆಮೇಲೊಂದು ಗುರುವಾರ ಗಂಗಾಧರನ ಫೋನು.

"ಅಣ್ಣ, ಮತ್ತೆ ನಿಂತ್ಕಂಡ್ಬುಡ್ತು. ಏರಿ ಮೇಲೆ ಟಿಪ್ಪರ್ ಬತ್ತಾ ಇತ್ತು. ಅಪ್ಪ ಬಿದ್ಬುಟ್ರು."

ಅವರ ಊರಿನಿಂದ ಕೆರೆ ಏರಿಯ ರಸ್ತೆಗೆ ಹತ್ತುವಾಗ ಒಂದು ಕಡಿದಾದ ಎಡ ತಿರುವು ಇದೆ. ಮೇಲೆ ಹತ್ತುತ್ತಲೇ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಎಳೆಯಬೇಕು. ಅಲ್ಲಿ ಗಾಡಿ ಸತ್ತಿದೆ. ಹಿಂದಕ್ಕೆ ಜಾರಿದೆ. ಟಿಪ್ಪರಿನವನು ಬ್ರೇಕ್ ಹಾಕಿದ್ದರಿಂದ ತಂದೆ ಮಗ ಉಳಿದಿದ್ದಾರೆ. ಬೀಳುವಾಗ ಹನುಮಂತರಾಯಪ್ಪ ಎಡಗೈಯನ್ನು ಎದೆಗೆ ಅವುಚಿಕೊಂಡು ಬಲ ಭುಜದ ಮೇಲೆ ಬಿದ್ದರಂತೆ. ಕೈ ಉಳಿಯಿತು, ಆವತ್ತಿನ ಡಯಾಲಿಸಿಸ್ ತಪ್ಪಿತು. ಆಸ್ಪತ್ರೆಯವರು ಮರುದಿನ ಬೆಳಗ್ಗೆ ಮೊದಲ ಸರದಿಗೆ ಹೇಗಾದರೂ ಬನ್ನಿ, ಇದನ್ನೂ ತಪ್ಪಿಸಿದರೆ ಉಸಿರಿಗೇ ತೊಂದರೆಯಾಗುತ್ತದೆ ಎಂದಿದ್ದರು. ಕೊಡಿಗೇನಹಳ್ಳಿಯ ಆಟೋದವರನ್ನು ಕೇಳಿದರೆ ಮರುದಿನ ಶುಕ್ರವಾರ, ಎಲ್ಲರೂ ಗೊರವನಹಳ್ಳಿಯ ದೇವಸ್ಥಾನಕ್ಕೆ ಬಾಡಿಗೆ ಒಪ್ಪಿಕೊಂಡಿದ್ದಾರೆ. ಫೋನು ಇಟ್ಟವನೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಇನ್ನು ನಿಲ್ಲುವುದಿಲ್ಲ ಎಂದು ನಾನೇ ಹೇಳಿದ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು.

ಮನೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಹನುಮಂತರಾಯಪ್ಪ ಮಲಗಲಾರದೆ ಗೋಡೆಗೆ ಒರಗಿ ಕೂತಿದ್ದರು. ಪಾದಗಳು ದಪ್ಪವಾಗಿದ್ದವು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. ನರಸಮ್ಮ ನನ್ನನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಬೈದದ್ದು ಆ ತಿರುವನ್ನು. ಗಾಡಿ ಯಾವಾಗ ನಿಂತರೂ ಅಲ್ಲೇ ನಿಲ್ಲುತ್ತದೆ. ಹೋಗುವಾಗ ನಿಲ್ಲುತ್ತದೆ, ಬರುವಾಗ ನಿಲ್ಲುವುದಿಲ್ಲ. ಅಲ್ಲಿ ಹಿಂದೆ ಯಾರೋ ಸತ್ತಿದ್ದರಂತೆ. ಆ ಜಾಗದ ಗಾಳಿ ಇವರ ಬೆನ್ನು ಹತ್ತಿದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಗಾಡಿ ನಿಂತಾಗಲೆಲ್ಲ ನರಸಮ್ಮ ಆ ಗಂಟಿಗೆ ಇನ್ನೊಂದು ದಾರ ಸುತ್ತಿ ಬಿಗಿದಿದ್ದರು. ಆವತ್ತೂ ಬಿಗಿದು, ಹೊಸ ಕುಂಕುಮ ಇಟ್ಟಿದ್ದರು.

ಹೋಗುವಾಗ ನಿಲ್ಲುತ್ತದೆ, ಬರುವಾಗ ನಿಲ್ಲುವುದಿಲ್ಲ. ಈ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಬರುವಾಗ ಅದೇ ತಿರುವು ಬಲಕ್ಕೆ ಬೀಳುತ್ತದೆ. ಗಂಗಾಧರನಿಗೆ ಹೇಳಿ ಗಾಡಿಯನ್ನು ಅಂಗಳದ ನಡುವೆ ತರಿಸಿದೆ. ಎಂಜಿನ್ ಶುರು ಮಾಡಿ ಹ್ಯಾಂಡಲನ್ನು ಬಲಕ್ಕೆ ಪೂರ್ತಿ ತಿರುಗಿಸಿದೆ. ಓಡುತ್ತಲೇ ಇತ್ತು. ಎಡಕ್ಕೆ ತಂದೆ, ಅರ್ಧ, ಮುಕ್ಕಾಲು, ಏನೂ ಆಗಲಿಲ್ಲ. ಕೊನೆಯ ತುದಿಗೆ ಒತ್ತಿದೆ. ಎಂಜಿನ್ ಸತ್ತಿತು. ಮೀಟರಿನ ದೀಪಗಳೆಲ್ಲ ಆರಿದವು, ಎಂಜಿನ್ ನಿಂತಾಗ ಹತ್ತಬೇಕಾದ ಹಳದಿ ದೀಪವೂ ಹತ್ತಲಿಲ್ಲ. ಹ್ಯಾಂಡಲನ್ನು ನೆಟ್ಟಗೆ ಮಾಡಿದೆ. ಎಲ್ಲವೂ ಮತ್ತೆ ಹತ್ತಿದವು.

ಕಂಪ್ಯೂಟರಿಗೆ ಏನೂ ಕಾಣದಿದ್ದದ್ದು ಯಾಕೆಂದು ಈಗ ತಿಳಿಯಿತು. ತಪ್ಪನ್ನು ಗುರುತಿಟ್ಟುಕೊಳ್ಳುವ ಪೆಟ್ಟಿಗೆಗೇ ಕರೆಂಟ್ ಕಡಿದುಹೋದರೆ ಅದು ಏನನ್ನು ಗುರುತಿಟ್ಟುಕೊಳ್ಳುತ್ತದೆ? ಬ್ಯಾಟರಿಯಿಂದ ಕೀಲಿಗೆ, ಅಂದರೆ ಕೀ ಹಾಕುವ ಸ್ವಿಚ್ಚಿಗೆ, ಬರುವ ತಂತಿ ಎಲ್ಲೋ ತುಂಡಾಗಿ, ಬರಿ ಮುಟ್ಟಿಕೊಂಡು ನಿಂತಿದೆ. ಹ್ಯಾಂಡಲ್ ಎಡಕ್ಕೆ ಎಳೆದಾಗ ಅಗಲುತ್ತದೆ.

ಬ್ಯಾಗಿನಿಂದ ಟೆಸ್ಟ್ ಬಲ್ಬು ತೆಗೆದೆ. ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದು ನಾನೇ ಮಾಡಿಕೊಂಡದ್ದು. ಕರೆಂಟ್ ಅಳೆಯುವ ಮೀಟರ್ ಸಂಖ್ಯೆ ತೋರಿಸುತ್ತದೆ, ಬಲ್ಬು ಮಿನುಗಿ ಕರೆಂಟ್ ಅಳ್ಳಾಡುವುದನ್ನೂ ತೋರಿಸುತ್ತದೆ. ಫ್ಯೂಸಿನ ಬಳಿ ಬಲ್ಬು ಹತ್ತಿತು. ಟ್ಯಾಂಕಿನ ಕೆಳಗೆ ಹತ್ತಿತು. ಗಂಗಾಧರ ಹ್ಯಾಂಡಲನ್ನು ಎಡಕ್ಕೆ ಹಿಡಿದಿದ್ದ. ಕೀಲಿಯ ಬಳಿ ಹತ್ತಲಿಲ್ಲ. ಟ್ಯಾಂಕಿಗೂ ಕೀಲಿಗೂ ನಡುವೆ ಒಂದು ಗೇಣು ತಂತಿ. ಆ ಗೇಣಿನ ಮೇಲೆ ಕೂತಿರುವುದು ಆ ಅರಿಸಿನ ಗಂಟು.

ಗಂಟನ್ನು ಮೊದಲ ಸಲ ಒತ್ತಿ ನೋಡಿದೆ. ಒಳಗೆ ಅರಿಸಿನ ಕೊಂಬು, ವಿಭೂತಿ ಇರಬೇಕೆಂದುಕೊಂಡಿದ್ದೆ. ಬೆರಳಿಗೆ ಸಿಕ್ಕಿದ್ದು ಗಟ್ಟಿ ಅಂಚು. ತಾಮ್ರದ ತಗಡು. ಇಂಥ ಗಂಟುಗಳಲ್ಲಿ ಮಂತ್ರ ಬರೆದ ತಗಡನ್ನು ಮಡಿಸಿ ಸುತ್ತುವುದುಂಟು. ದಾರ ಬಿಗಿದಷ್ಟೂ ಅದರ ಅಂಚು ತಂತಿಯ ಕಂತೆಯೊಳಗೆ ಇಳಿದಿತ್ತು. ಪ್ರತಿ ತಿರುವಿನಲ್ಲೂ ಇಷ್ಟಿಷ್ಟೇ ಕುಯ್ದಿತ್ತು. ಶೋರೂಮಿನವರು, ಕೊಡಿಗೇನಹಳ್ಳಿಯ ಮೆಕ್ಯಾನಿಕ್, ನಾನು, ಎಲ್ಲರೂ ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿದವರೇ.

ಗಂಗಾಧರನಿಗೂ ಅರ್ಥವಾಯಿತು. ನನ್ನ ತೋಳು ಹಿಡಿದು ಹುಣಸೆ ಮರದ ಹತ್ತಿರ ಕರೆದುಕೊಂಡು ಹೋದ.

"ಅಣ್ಣ, ನಿನ್ನ ಕಾಲ್ಗೆ ಬೀಳ್ತೀನಿ, ಅವ್ವುಂಗೆ ಹೇಳ್ಬೇಡ. ಬ್ಯಾಟ್ರಿ ಅಂದ್ಬುಡು. ಇವತ್ತು ಅಪ್ಪ ಬಿದ್ದಿದ್ದು ತನ್ನಿಂದ ಅಂತ ಗೊತ್ತಾದ್ರೆ ಅವ್ವ ಉಳಿಯಕ್ಕಿಲ್ಲ."

ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಕಷ್ಟದ ಗಳಿಗೆ ಇನ್ನೊಂದಿಲ್ಲ. ಅವನು ಹೇಳಿದ್ದು ಸರಿಯೇ ಅನ್ನಿಸಿತು. ನರಸಮ್ಮ ಒಳಗೆ ಗಂಡನ ಬೆನ್ನು ತೀಡುತ್ತಿದ್ದರು. ಆ ಕೈಗಳೇ ಆ ದಾರ ಬಿಗಿದದ್ದು. ಸುಳ್ಳು ಹೇಳಿ ತಂತಿ ಸೇರಿಸಿ ಹೊರಟುಬಿಡಬಹುದಿತ್ತು. ಆದರೆ ನಾನು ಆಚೆ ಹೋದ ಕೂಡಲೇ ಅವರು ಬಂದು ಇನ್ನೊಂದು ಸುತ್ತು ಬಿಗಿಯುತ್ತಾರೆ. ಗಾಡಿ ಸರಿ ಹೋದರೂ ದೇವರಿಂದ ಎಂದು ಬಿಗಿಯುತ್ತಾರೆ, ಕೆಟ್ಟರೂ ತಿರುವಿನ ಗಾಳಿ ಎಂದು ಬಿಗಿಯುತ್ತಾರೆ. ತಗಡಿನ ಅಂಚು ನನ್ನ ಹೊಸ ತಂತಿಯನ್ನೂ ಬಿಡುವುದಿಲ್ಲ. ಮುಂದಿನ ಸಲ ಟಿಪ್ಪರಿನವನು ಬ್ರೇಕ್ ಹಾಕುತ್ತಾನೋ ಇಲ್ಲವೋ.

ಗಂಗಾಧರನಿಗೆ ಇಷ್ಟನ್ನೂ ಹೇಳಿದೆ. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡು ಗಾಡಿಯ ಹತ್ತಿರ ವಾಪಸು ನಡೆದ.

ನಾನೇ ಬಾಗಿಲಿಗೆ ಹೋಗಿ ನರಸಮ್ಮನನ್ನು ಕರೆದೆ. ಕಾಯಿಲೆ ಸಿಕ್ಕಿದೆ, ಆದರೆ ಅದನ್ನು ನೋಡಬೇಕಾದರೆ ಈ ಗಂಟು ಬಿಚ್ಚಬೇಕು, ಕಟ್ಟಿದವರೇ ಬಿಚ್ಚಬೇಕು ಎಂದೆ. ಅವರು ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು. ಕೈ ತೊಳೆದು ಬಂದು ಬಿಚ್ಚಲು ಕೂತರು. ಗಂಟು ಬಿಗಿಯಾಗಿತ್ತು, ಉಗುರಿಗೆ ಬಗ್ಗಲಿಲ್ಲ. ಬ್ಲೇಡು ಕೊಡಲು ಹೋದೆ, ಬೇಡವೆಂದರು. ಹಲ್ಲಿನಿಂದ ಕಚ್ಚಿ ಒಂದೊಂದೇ ದಾರ ಸಡಿಲಿಸಿದರು. ಬೆಳಕು ಕಡಿಮೆಯಾಗುತ್ತಿತ್ತು. ನಾವಿಬ್ಬರೂ ಅವರ ಎರಡು ಕಡೆ ನಿಂತಿದ್ದೆವು.

ಗಂಟು ಈಚೆ ಬಂದಾಗ ಬಟ್ಟೆ ಒಂದು ಕಡೆ ಹರಿದು ತಾಮ್ರದ ಅಂಚು ಹೊರಗೆ ಇಣುಕುತ್ತಿತ್ತು. ಅದರ ಕೆಳಗೆ ತಂತಿಯ ಕಂತೆಯ ಮೇಲಿನ ಟೇಪು ಸೀಳಿತ್ತು. ಒಳಗೆ ಕೆಂಪು ತಂತಿ ಮುಕ್ಕಾಲು ಭಾಗ ತುಂಡಾಗಿ, ಕೂದಲಿನಂಥ ಒಂದೆರಡು ಎಳೆಗಳು ಮಾತ್ರ ಉಳಿದಿದ್ದವು. ನಾನು ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ನರಸಮ್ಮ ತಗಡಿನ ಅಂಚಿನ ಮೇಲೆ ಬೆರಳಾಡಿಸಿದರು, ಆಮೇಲೆ ತಂತಿಯ ಮೇಲೆ.

"ನಾನೇ ಕುಯ್ದ್ನೇನಣ್ಣ?"

ಕುಯ್ದದ್ದು ತಗಡು, ನೀವಲ್ಲ ಎಂದೆ. ಅದನ್ನು ಮೂರು ಜನ ಮೆಕ್ಯಾನಿಕ್ಕುಗಳು ಕಣ್ಣಾರೆ ನೋಡಿಯೂ ಎತ್ತಿ ನೋಡಲಿಲ್ಲ, ಅದರಲ್ಲಿ ನಾನೊಬ್ಬ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಗಂಟನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಾ ಕೂತುಬಿಟ್ಟರು. ಆಗ ಒಳಗಿನಿಂದ ಹನುಮಂತರಾಯಪ್ಪನ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಲೇ ನರ್ಸಿ... ನನ್ನ ಕೈಗೂ ಕಟ್ಬೇಡ ಅಂದ್ರು... ಗಾಡೀದೂ ಅಂಗೇ ಕಣೆ. ಒಳಗೆ ಹರಿಯೋ ಕಡೆ... ಬಿಗೀಬಾರ್ದು ಅಷ್ಟೆ. ಎದ್ದು ಆವಣ್ಣಂಗೆ ಏನ್ ಬೇಕೋ ನೋಡು."

ಅಷ್ಟು ಹೇಳಲು ಅವರಿಗೆ ನಾಲ್ಕು ಸಲ ಉಸಿರು ಬೇಕಾಯಿತು. ನರಸಮ್ಮ ಎದ್ದರು.

ನನಗೆ ಬೇಕಾದದ್ದು ಬೆಂಕಿ. ಊರಿನಲ್ಲಿ ಕರೆಂಟ್ ಹೋಗಿತ್ತು, ಬೆಸುಗೆ ಕಡ್ಡಿ ಕಾಯುವಂತಿರಲಿಲ್ಲ. ಇಂಥ ಹೊತ್ತಿಗೆಂದೇ ಉಸ್ತಾದ್ ಕೊಟ್ಟಿದ್ದ ಹಳೆಯ ಕಡ್ಡಿ ಬ್ಯಾಗಿನಲ್ಲಿತ್ತು, ಒಲೆಯಲ್ಲಿ ಕಾಯಿಸುವಂಥದ್ದು. ನರಸಮ್ಮ ಒಲೆ ಹೊತ್ತಿಸಿ ಅದನ್ನು ಕೆಂಡದಲ್ಲಿಟ್ಟರು. ಕಾದಾಗ ಬಟ್ಟೆಯಲ್ಲಿ ಹಿಡಿದು ತಂದುಕೊಟ್ಟರು. ತಣ್ಣಗಾದರೆ ಮತ್ತೆ ಒಯ್ದರು. ನಾನು ತುಂಡಾದ ಭಾಗ ಕತ್ತರಿಸಿ, ಹೊಸ ತಂತಿ ಸೇರಿಸಿ, ಬೆಸೆದು, ಮೇಲೆ ಪ್ಲಾಸ್ಟಿಕ್ ಸ್ಲೀವ್ ಹಾಕಿ ಟೇಪು ಸುತ್ತಿದೆ. ಕಂತೆಯನ್ನು ಹ್ಯಾಂಡಲಿಗೆ ಎಳೆತ ಬೀಳದಂತೆ ಸಡಿಲ ಬಿಟ್ಟು ಕಟ್ಟಿದೆ. ಆಮೇಲೆ ಎಂಜಿನ್ ಶುರು ಮಾಡಿ ಎಡದ ತುದಿಗೆ ಒತ್ತಿದೆ, ಬಲದ ತುದಿಗೆ ಒತ್ತಿದೆ, ಸೀಟಿಗೆ ಗುದ್ದಿದೆ, ಕಂತೆ ಹಿಡಿದು ಅಲ್ಲಾಡಿಸಿದೆ. ಗಂಗಾಧರನಿಂದಲೂ ಮಾಡಿಸಿದೆ. ಎಂಜಿನ್ ನಿಲ್ಲಲಿಲ್ಲ. ಹಳದಿ ದೀಪ ಆರಿಯೇ ಇತ್ತು.

ಬ್ಯಾಗು ಕಟ್ಟುತ್ತಿದ್ದಾಗ ನರಸಮ್ಮ ಆ ಗಂಟನ್ನು ಹಿಡಿದುಕೊಂಡು ಬಂದು ಎದುರಿಗೆ ನಿಂತರು. ಹರಿದ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಸುತ್ತಿ ಹೊಲಿದಿದ್ದರು.

"ಎಲ್ಲಿ ತಂತಿ ಇಲ್ವೋ ತೋರ್ಸಣ್ಣ. ಅಲ್ಲೇ ಕಟ್ತೀನಿ."

ಟಾರ್ಚು ಹಿಡಿದು ಗಾಡಿಯನ್ನು ಒಂದು ಸುತ್ತು ಬಂದೆ. ಟ್ಯಾಂಕಿನ ಕೆಳಗೆ ತಂತಿ. ಸೀಟಿನ ಕೆಳಗೆ ತಂತಿ. ಹಿಂದೆ ದೀಪದ ತಂತಿ. ಸೈಡ್ ಸ್ಟ್ಯಾಂಡಿಗೂ ಈಗ ತಂತಿ ಕೊಟ್ಟಿದ್ದಾರೆ. ಜೀವಮಾನವೆಲ್ಲ ತಂತಿ ಎಲ್ಲಿದೆ ಎಂದು ಹುಡುಕಿದವನು ನಾನು, ಎಲ್ಲಿಲ್ಲ ಎಂದು ಹುಡುಕಿದ್ದು ಅದೇ ಮೊದಲು. ಕೊನೆಗೆ ಸಿಕ್ಕಿದ್ದು ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡು. ಬರೀ ಕಬ್ಬಿಣದ ಕಂಬಿ. ಹಿಂದೆ ಕೂರುವವರ ಕಾಲಿನ ಪಕ್ಕದಲ್ಲೇ ಬರುತ್ತದೆ. ನರಸಮ್ಮ ಬಗ್ಗಿ ಅಲ್ಲಿ ಕಟ್ಟಿದರು. ಎಷ್ಟು ಬಿಗಿಯಬಹುದು ಎಂದು ಕೇಳಿದರು. ಇಲ್ಲಿ ನಿಮ್ಮಿಷ್ಟ ಅಕ್ಕ ಎಂದೆ.

ಆ ರಾತ್ರಿ ಅಲ್ಲೇ ಉಳಿದೆ. ಬಸ್ಸಿತ್ತು, ಆದರೆ ನನಗೆ ನನ್ನ ಮಾತಿನ ಮೇಲೆಯೇ ನಂಬಿಕೆ ಹೋಗಿತ್ತು. ಗಾಡಿ ಏರಿ ಹತ್ತುವುದನ್ನು ಕಿವಿಯಾರೆ ಕೇಳದೆ ಮನೆಗೆ ಹೋಗಿ ನಿದ್ದೆ ಮಾಡುವಂತಿರಲಿಲ್ಲ. ಒಳಗಿನಿಂದ ಹನುಮಂತರಾಯಪ್ಪನ ಉಸಿರಾಟ ಕೇಳುತ್ತಲೇ ಇತ್ತು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಬಹಳವಿಲ್ಲ. ದೀಪ ಏನು ಹೇಳುತ್ತದೆಂದು ನೋಡಿ, ಕಂಪ್ಯೂಟರ್ ಏನು ಹೇಳುತ್ತದೆಂದು ನೋಡಿ. ಎರಡೂ ಸುಮ್ಮನಿದ್ದರೆ ಗಾಡಿಗೆ ಏನೇನು ಕಟ್ಟಿದ್ದಾರೆ, ಯಾರು ಕಟ್ಟಿದ್ದಾರೆ, ಯಾಕೆ ಕಟ್ಟಿದ್ದಾರೆ ಎಂದು ಮನೆಯವರನ್ನು ಕೇಳಿ. ಬಿಚ್ಚಬೇಕಾಗಿ ಬಂದರೆ ಕಟ್ಟಿದವರನ್ನೇ ಕರೆಯಿರಿ. ನೀವು ಬ್ಲೇಡು ಹಾಕಬೇಡಿ. ಅದನ್ನು ಮತ್ತೆ ಎಲ್ಲಿ ಕಟ್ಟಬಹುದೆಂದು ತೋರಿಸುವುದೂ ನಿಮ್ಮ ಕೆಲಸವೇ.

ಬೆಳಗಿನ ಮಬ್ಬಿನಲ್ಲಿ ಹನುಮಂತರಾಯಪ್ಪನನ್ನು ನಾನೂ ಗಂಗಾಧರನೂ ಹಿಡಿದು ಗಾಡಿಯ ಮೇಲೆ ಕೂರಿಸಿದೆವು. ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ಮಗನನ್ನು ಹಿಡಿದುಕೊಂಡರು. ಒಂದು ಸಲ ಬಗ್ಗಿ ಸೀರೆ ಗಾರ್ಡಿನ ಕಡೆ ನೋಡಿ ಕಾಲನ್ನು ಸ್ವಲ್ಪ ಈಚೆ ಸರಿಸಿಕೊಂಡರು. ಗಾಡಿ ಹೊರಟಿತು. ಬೇಲಿಯ ಸಾಲು ದಾಟಿದ ಮೇಲೆ ಕಾಣಿಸಲಿಲ್ಲ, ಸದ್ದು ಮಾತ್ರ. ನಾನೂ ನರಸಮ್ಮನೂ ಅಂಗಳದಲ್ಲಿ ನಿಂತಿದ್ದೆವು.

ಸದ್ದು ಏರಿಯ ಬುಡಕ್ಕೆ ಹೋಯಿತು. ಅಲ್ಲಿ ಸಟ್ಟನೆ ತಗ್ಗಿತು. ನರಸಮ್ಮ ನನ್ನ ಅಂಗಿಯ ತೋಳು ಹಿಡಿದುಕೊಂಡರು. ಗೇರ್ ಇಳಿಸುತ್ತಿದ್ದಾನೆ ಎಂದು ನನಗೇ ಹೇಳಿಕೊಂಡೆ. ಆಮೇಲೆ ಎಂಜಿನ್ ಒಮ್ಮೆ ಗುಡುಗಿ ಮೇಲೆ ಎಳೆಯಿತು. ತಿರುವು ಬಂದಿರಬೇಕು. ಸದ್ದು ಎಡಕ್ಕೆ ಹೊರಳಿ, ಏರಿಯ ಮೇಲೆ ಉದ್ದಕ್ಕೂ ಹರಿದು, ಮಧುಗಿರಿಯ ದಿಕ್ಕಿಗೆ ಸಣ್ಣದಾಗುತ್ತಾ ಹೋಯಿತು.

ಪೂರ್ತಿ ಕೇಳದಾದ ಮೇಲೂ ನರಸಮ್ಮ ಕಿವಿಗೊಟ್ಟು ನಿಂತೇ ಇದ್ದರು. ನನ್ನ ತೋಳು ಬಿಟ್ಟಾಗ ಅವರ ಕಣ್ಣು ತುಂಬಿತ್ತು.

"ಏರಿ ಹತ್ತಿತು ಕಣಣ್ಣ" ಎಂದರು. ಆಮೇಲೆ ಕ್ಯಾನು ತೆಗೆದುಕೊಂಡು ಹಾಲು ಕರೆಯಲು ಕೊಟ್ಟಿಗೆಗೆ ಹೋದರು.